ಊರಿನ ಬಿಪಿ ಬರೆಯುವ ಅಕ್ಕನ ಬಿಪಿ ಎಷ್ಟು?

ಹೋದ ಚಳಿಗಾಲದಲ್ಲಿ ಒಂದು ದಿನ ಚಿಕ್ಕಮ್ಮನ ಜೊತೆ ಮನೆ ಭೇಟಿಗೆ ಹೋಗಿದ್ದೆ. ಶರಾವತಿ ಹಿನ್ನೀರಿನ ಆಚೆ ದಡದ ಊರು. ಚಿಕ್ಕಮ್ಮ ಅಲ್ಲಿ 2008ರಿಂದ ಆಶಾ ಕಾರ್ಯಕರ್ತೆ. ಸೇರುವಾಗ ನಲವತ್ತೊಂದು, ಈಗ ಐವತ್ತೆಂಟು. ಮಲೆನಾಡಿನಲ್ಲಿ ಊರೆಂದರೆ ಒಂದು ಬೀದಿಯಲ್ಲ. ತೋಟದ ಈಚೆ ಎರಡು ಮನೆ, ಸಂಕ ದಾಟಿದರೆ ಮೂರು ಮನೆ, ಗುಡ್ಡ ಹತ್ತಿದರೆ ಇನ್ನೊಂದು. ಬೆಳಿಗ್ಗೆ ಒಂಬತ್ತಕ್ಕೆ ಹೊರಟವರು ಹನ್ನೊಂದನೇ ಮನೆ ಮುಟ್ಟುವಾಗ ಮಧ್ಯಾಹ್ನ ಒಂದೂವರೆ.

ಜೊತೆಗೆ ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿ ಹುಡುಗಿ ಇದ್ದಳು, ಕೈಯಲ್ಲಿ ಬಿಪಿ ಮಷೀನು. ಮನೆಯ ಐದು ಜನರ ಬಿಪಿ ನೋಡಿದ್ದಾಯಿತು. ಚಿಕ್ಕಮ್ಮ ಜಗಲಿಯ ಕಟ್ಟೆಯ ಮೇಲೆ ಕುಳಿತು ಒಂದೊಂದೇ ಅಂಕಿ ಬರೆದುಕೊಂಡರು. ಎದ್ದು ಚಪ್ಪಲಿ ಮೆಟ್ಟುವಾಗ ಆ ಮನೆಯ ಅಜ್ಜಿ, “ನಿಂದೂ ಒಂದ್ಸಲ ನೋಡ್ಸ್ಕೊಳೇ ಮಾರಾಯ್ತಿ, ಮುಖ ಎಲ್ಲ ಕೆಂಪಾಗಿದೆ” ಎಂದರು. ಚಿಕ್ಕಮ್ಮ ನಕ್ಕು ಬೇಡವೆಂದರು. ಹುಡುಗಿ ಬಿಡಲಿಲ್ಲ. ಪಟ್ಟಿ ಸುತ್ತಿ ಗುಂಡಿ ಒತ್ತಿದಳು. 168/98. ಹತ್ತು ನಿಮಿಷ ಕೂರಿಸಿ ಮತ್ತೆ ನೋಡಿದರೆ 164/96.

“ಕೊನೇ ಸಲ ಯಾವಾಗ ನೋಡ್ಸಿದ್ರಿ ಅಕ್ಕಾ?”

ಚಿಕ್ಕಮ್ಮ ನೆನಪು ಮಾಡಿಕೊಳ್ಳಲು ಹೊರಟು ಸುಮ್ಮನಾದರು. ಊರಿನ ಯಾವ ಮನೆಯಲ್ಲಿ ಯಾರಿಗೆ ಬಿಪಿ, ಯಾರ ಮಾತ್ರೆ ಎಂದು ಮುಗಿಯುತ್ತದೆ, ಯಾವ ಸೊಸೆಗೆ ಎಷ್ಟನೇ ತಿಂಗಳು, ಎಲ್ಲವೂ ಅವರಿಗೆ ಬಾಯಿಪಾಠ. ತಮ್ಮದೊಂದು ಎಲ್ಲೂ ದಾಖಲಾಗಿರಲಿಲ್ಲ.

ಆಶಾ ಕಾರ್ಯಕ್ರಮ ಶುರುವಾದದ್ದು 2005ರಲ್ಲಿ, ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆಗೆ. ಸಾವಿರ ಜನಸಂಖ್ಯೆಗೆ ಒಬ್ಬರು, ಅದೇ ಊರಿನವರಾಗಿರಬೇಕು, ವಯಸ್ಸು 25ರಿಂದ 45ರ ಒಳಗೆ. ಹಾಗೆ ಮೊದಲ ವರ್ಷಗಳಲ್ಲಿ ಸೇರಿದ ಬಹಳಷ್ಟು ಜನ ಈಗ ಐವತ್ತು ದಾಟಿದ್ದಾರೆ, ಕೆಲವರು ಅರವತ್ತರ ಹೊಸ್ತಿಲಲ್ಲಿದ್ದಾರೆ. ಕರ್ನಾಟಕದಲ್ಲಿ ಸುಮಾರು 42 ಸಾವಿರ ಆಶಾಗಳಿದ್ದಾರೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ದೇಶದ ಆಶಾಗಳನ್ನು ಜಾಗತಿಕ ಪ್ರಶಸ್ತಿ ಕೊಟ್ಟು ಗೌರವಿಸಿತು. ಆದರೆ ಇಪ್ಪತ್ತು ವರ್ಷ ನಡೆದ ಮಂಡಿಗೆ ಏನಾಗುತ್ತದೆ, ಕಣ್ಣಿಗೆ ಏನಾಗುತ್ತದೆ, ಕೆಲಸ ಬಿಡುವ ದಿನ ಕೈಗೇನು ಬರುತ್ತದೆ ಎಂದು ಕಾರ್ಯಕ್ರಮ ರೂಪಿಸಿದವರು ಆಗ ಹೆಚ್ಚು ಯೋಚಿಸಿದಂತೆ ಕಾಣುವುದಿಲ್ಲ. ಈ ಲೇಖನ ಐವತ್ತು ದಾಟಿದ ಆಶಾ ಅಕ್ಕಂದಿರಿಗೆ, ಎಎನ್‌ಎಂ ಸಿಸ್ಟರುಗಳಿಗೆ, ಅವರ ಮನೆಯ ಮಕ್ಕಳಿಗೆ. ಹೇಳಬೇಕಾದ್ದು ಒಂದೇ: ಊರಿನ ಪಟ್ಟಿಯಲ್ಲಿ ನಿಮ್ಮ ಹೆಸರನ್ನೂ ಬರೆದುಕೊಳ್ಳಿ. ಮುಂದಿನದೆಲ್ಲ ಅದನ್ನು ಎಲ್ಲೆಲ್ಲಿ, ಹೇಗೆ ಬರೆದುಕೊಳ್ಳಬೇಕು ಎನ್ನುವ ವಿವರ.

ಮೊದಲು ನಿಮ್ಮದೇ ಫಾರಂ

ಮೂವತ್ತು ದಾಟಿದವರಿಗೆಲ್ಲ ನೀವು ತುಂಬುವ ಸಿಬ್ಯಾಕ್ ಫಾರಂ ಗೊತ್ತೇ ಇದೆ. ವಯಸ್ಸು, ಹೊಗೆಸೊಪ್ಪು, ಕುಡಿತ, ಸೊಂಟದ ಸುತ್ತಳತೆ, ನಡಿಗೆ, ಮನೆಯಲ್ಲಿ ಯಾರಿಗಾದರೂ ಬಿಪಿ-ಸಕ್ಕರೆ ಇದೆಯೇ ಎನ್ನುವ ಪ್ರಶ್ನೆಗಳು. ನಾಲ್ಕಕ್ಕಿಂತ ಹೆಚ್ಚು ಅಂಕ ಬಂದವರನ್ನು ಮೊದಲು ತಪಾಸಣೆಗೆ ಕಳಿಸುತ್ತೀರಿ. ಇವತ್ತೇ ಒಂದು ಖಾಲಿ ಫಾರಂ ತೆಗೆದುಕೊಂಡು ನಿಮ್ಮದನ್ನು ತುಂಬಿ. ಐವತ್ತು ದಾಟಿದವರಿಗೆ ವಯಸ್ಸಿನ ಅಂಕವೇ ಒಂದಷ್ಟು ಕೂಡಿಕೊಳ್ಳುತ್ತದೆ. ಅದರ ಜೊತೆ ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸುವ ಅಭ್ಯಾಸವೋ ತಾಯಿಗಿದ್ದ ಸಕ್ಕರೆ ಕಾಯಿಲೆಯೋ ಸೇರಿದರೆ ನಾಲ್ಕು ದಾಟಲು ಹೆಚ್ಚು ಹೊತ್ತು ಬೇಡ.

ತಿಂಗಳ ಸಭೆಗೆ ಪಿಎಚ್‌ಸಿಗೆ ಹೋಗುತ್ತೀರಲ್ಲ, ಅಂದು ಸಭೆಗೆ ಮೊದಲು ಬಿಪಿ ನೋಡಿಸಿಕೊಳ್ಳಿ. ಬಸ್ಸಿಳಿದು ಓಡಿಬಂದ ಕೂಡಲೇ ಬೇಡ, ಐದು ನಿಮಿಷ ಕೂತು ಉಸಿರು ಸಮವಾದ ಮೇಲೆ. 140/90 ಅಥವಾ ಅದಕ್ಕಿಂತ ಮೇಲೆ ಬಂದರೆ ಬೇರೆ ದಿನ ಮತ್ತೊಮ್ಮೆ ನೋಡಿಸಿ. ಆಗಲೂ ಹಾಗೆಯೇ ಇದ್ದರೆ ವೈದ್ಯಾಧಿಕಾರಿಯ ಬಳಿ ಒಪಿಡಿ ಚೀಟಿ ಮಾಡಿಸಿ. ಕಾರಿಡಾರಿನಲ್ಲಿ ನಿಂತು “ಡಾಕ್ಟ್ರೇ, ಒಂದು ಮಾತ್ರೆ ಕೊಡಿ” ಎಂದು ಕೇಳಿ ಪಡೆಯುವ ಔಷಧಿಗೆ ದಾಖಲೆ ಇರುವುದಿಲ್ಲ, ದಾಖಲೆ ಇಲ್ಲದ ಔಷಧಿ ಮುಂದಿನ ತಿಂಗಳು ಮರೆತುಹೋಗುತ್ತದೆ. ನೀವು ಊರಿನವರಿಗೆ ಇದನ್ನೇ ಹೇಳುವುದು. ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ 126 ಎನ್ನುವ ಗೆರೆ ನೆನಪಿರಲಿ.

ಇನ್ನೊಂದನ್ನು ನೇರವಾಗಿ ಹೇಳುತ್ತೇನೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ಅದು ಸುಮ್ಮನಿರುವ ವಿಷಯವಲ್ಲ, ಆ ವಾರವೇ ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು. ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ, ಸ್ತನ ತಪಾಸಣೆ 30ರಿಂದ 65 ವಯಸ್ಸಿನ ಮಹಿಳೆಯರಿಗೆ ಸರ್ಕಾರಿ ಕಾರ್ಯಕ್ರಮದಲ್ಲೇ ಇವೆ. ಊರಿನ ಹೆಂಗಸರನ್ನು ಶಿಬಿರಕ್ಕೆ ಹೊರಡಿಸಿ ತಾವು ಮಾತ್ರ ಹೊರಗೆ ಸಾಲು ನೋಡಿಕೊಳ್ಳುತ್ತ ನಿಲ್ಲುವ ಆಶಾಗಳನ್ನು ನಾನು ಕಂಡಿದ್ದೇನೆ. ಮುಂದಿನ ಸಲ ಸಾಲಿನ ಮೊದಲಿಗೆ ನೀವೇ ಹೋಗಿ. ನಿಮ್ಮನ್ನು ನೋಡಿ ಹಿಂದಿನವರಿಗೂ ಧೈರ್ಯ ಬರುತ್ತದೆ.

ಮಂಡಿ, ಕಣ್ಣು, ನೀರು

ಚಿಕ್ಕಮ್ಮನ ಚೀಲದಲ್ಲಿ ಅಂದು ಏನೇನಿತ್ತೆಂದು ನೋಡಿದೆ: ಡೈರಿ, ಎರಡು ರಿಜಿಸ್ಟರು, ಮಗುವನ್ನು ತೂಗುವ ಜೋಲಿ ತಕ್ಕಡಿ, ಥರ್ಮಾಮೀಟರು, ಓಆರ್‌ಎಸ್ ಪೊಟ್ಟಣ, ಕಬ್ಬಿಣಾಂಶದ ಮಾತ್ರೆ, ಮಂಗನಕಾಯಿಲೆಗೆ ಹಂಚುವ ಡೀಪಾ ಎಣ್ಣೆಯ ಬಾಟಲಿಗಳು, ಪವರ್ ಬ್ಯಾಂಕು. ಒಂದು ಬದಿಯ ಜೇಬಿನಲ್ಲಿ ಡೈಕ್ಲೋಫಿನಾಕ್ ಮಾತ್ರೆಯ ಶೀಟು, ಅರ್ಧ ಮುಗಿದದ್ದು. “ಮಂಡಿಗೆ. ಗುಡ್ಡ ಹತ್ತೋ ದಿನ ಒಂದು ನುಂಗ್ತೀನಿ.”

ಐವತ್ತು ದಾಟಿದ ಬಹುತೇಕ ಆಶಾಗಳ ಚೀಲದಲ್ಲಿ ಇಂಥದ್ದೊಂದು ಶೀಟು ಇರುತ್ತದೆ. ಡೈಕ್ಲೋಫಿನಾಕ್, ಐಬುಪ್ರೊಫೆನ್ ಮುಂತಾದ ನೋವಿನ ಮಾತ್ರೆಗಳು ಬಿಪಿ ಏರಿಸುತ್ತವೆ, ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ದಿನಗಟ್ಟಲೆ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು. ಬಿಪಿಯ ಮಾತ್ರೆಯನ್ನೂ ಇದನ್ನೂ ಒಟ್ಟಿಗೆ ನುಂಗುವವರಿಗೆ ಅಪಾಯ ಇನ್ನೂ ಹೆಚ್ಚು. ಅಂಗಡಿಯಿಂದ ತಂದು ನೀವಾಗಿಯೇ ನುಂಗುವುದನ್ನು ನಿಲ್ಲಿಸಿ. ವೈದ್ಯರನ್ನು ಕೇಳಿದರೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್, ಮೇಲೆ ಹಚ್ಚುವ ಮುಲಾಮು, ಮಂಡಿಗೆ ವ್ಯಾಯಾಮ ಇವುಗಳಿಂದ ಶುರುಮಾಡುತ್ತಾರೆ. ವ್ಯಾಯಾಮ ಕಷ್ಟದ್ದೇನಲ್ಲ. ಕುರ್ಚಿಯ ಮೇಲೆ ಕೂತು ಒಂದು ಕಾಲನ್ನು ನೇರ ಚಾಚಿ, ತೊಡೆ ಬಿಗಿಹಿಡಿದು ಐದು ಎಣಿಸಿ, ನಿಧಾನ ಇಳಿಸಿ. ಒಂದೊಂದು ಕಾಲಿಗೂ ಹತ್ತು ಸಲ, ಬೆಳಿಗ್ಗೆ ಸಂಜೆ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಯ ಮೇಲಿನ ಭಾರ ಕಡಿಮೆ. ನೆಲದ ಮೇಲೆ ಚಕ್ಕಳಮಕ್ಕಳ ಕೂತು ರಿಜಿಸ್ಟರು ಬರೆಯಬೇಡಿ, ಅಂಗನವಾಡಿಯಲ್ಲಿ ಒಂದು ಕುರ್ಚಿ ಕೇಳಿ. ಕೇಳಿದರೆ ತಪ್ಪೇನಿಲ್ಲ. ಗ್ರಾಮ ಆರೋಗ್ಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಯ ಮುಕ್ತ ನಿಧಿ ಇದೆ; ತಾಯಂದಿರು, ಮಕ್ಕಳು ಬರುವ ಜಾಗಕ್ಕೆ ಎರಡು ಕುರ್ಚಿ, ಒಂದು ಮೇಜು ಬೇಕೆಂದು ಸಭೆಯಲ್ಲಿ ಠರಾವಿಗೆ ತನ್ನಿ.

ಕಣ್ಣಿನ ವಿಷಯ ಎಎನ್‌ಎಂ ಸಿಸ್ಟರುಗಳಿಗೆ ಇನ್ನೂ ಮುಖ್ಯ. ನಲವತ್ತರ ನಂತರ ಹತ್ತಿರದ ಅಕ್ಷರ ಮಸುಕಾಗುವುದು ಎಲ್ಲರಿಗೂ ಸಹಜ. ಆದರೆ ಬಿಸಿಜಿ ಚುಚ್ಚುಮದ್ದು 0.1 ಮಿಲಿ, ಒಂದು ತಿಂಗಳೊಳಗಿನ ಶಿಶುವಿಗಾದರೆ 0.05 ಮಿಲಿ. ಸಿರಿಂಜಿನ ಮೇಲಿನ ಆ ಕೂದಲೆಳೆಯ ಗೆರೆಯನ್ನು ಅಂಗನವಾಡಿಯ ಅರೆಬೆಳಕಿನಲ್ಲಿ ನೋಡಬೇಕು. ಲಸಿಕೆ ಬಾಟಲಿಯ ಮೇಲಿನ ವಿವಿಎಂ ಗುರುತಿನಲ್ಲಿ ಒಳಗಿನ ಚೌಕ ಹೊರಗಿನ ವೃತ್ತಕ್ಕಿಂತ ತಿಳಿಯಾಗಿದೆಯೇ ಎಂದು ಗುರುತಿಸಬೇಕು. ಇದು ಅಭ್ಯಾಸಬಲದಿಂದ ಮಾಡುವ ಕೆಲಸವಲ್ಲ. ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಯ ಬಳಿ ವರ್ಷಕ್ಕೊಮ್ಮೆ ಕಣ್ಣು ತೋರಿಸಿ ನಂಬರು ಬರೆಸಿಕೊಳ್ಳಿ. ಒಂದು ಕನ್ನಡಕ ಮನೆಗೆ, ಇನ್ನೊಂದು ದಾರ ಕಟ್ಟಿ ಕೊರಳಿಗೆ. ಲಸಿಕೆ ದಿನ ಬಾಗಿಲಿನ ಬೆಳಕು ಬೀಳುವ ಕಡೆ ಮೇಜು ಹಾಕಿಸಿ. ಮಂಜು ಮುಸುಕಿದಂತೆ ಕಂಡರೆ, ರಾತ್ರಿ ಬಲ್ಬಿನ ಸುತ್ತ ಪ್ರಭೆ ಕಂಡರೆ ಅದು ಪೊರೆ ಇರಬಹುದು, ಕನ್ನಡಕದಿಂದ ಹೋಗುವುದಿಲ್ಲ.

ಲಸಿಕೆ ಡಬ್ಬಿಯನ್ನು ಹೊರುವುದು ಸಿಸ್ಟರ್ ಕೆಲಸವೆಂದೇ ಹಲವು ಕಡೆ ತಿಳಿದಿದ್ದಾರೆ. ನಾಲ್ಕು ಐಸ್ ಪ್ಯಾಕು ತುಂಬಿದ ಡಬ್ಬಿ ಹೆಗಲಿಗೆ ಹಗುರವಲ್ಲ. ಲಸಿಕೆ ನೀಡುವ ಜಾಗಕ್ಕೆ ಡಬ್ಬಿ ಮುಟ್ಟಿಸಿ ಸಂಜೆ ವಾಪಸು ಒಯ್ಯಲು ಬೇರೆ ವ್ಯಕ್ತಿಯನ್ನು ಗೊತ್ತುಮಾಡಿ ಹಣ ಕೊಡುವ ವ್ಯವಸ್ಥೆ ಕಾರ್ಯಕ್ರಮದಲ್ಲೇ ಇದೆ, ಎವಿಡಿ ಎನ್ನುತ್ತಾರೆ. ನಿಮ್ಮ ಉಪಕೇಂದ್ರಕ್ಕೆ ಅದು ಏಕಿಲ್ಲ ಎಂದು ಸೂಕ್ಷ್ಮ ಕ್ರಿಯಾಯೋಜನೆ ಬರೆಯುವಾಗಲೇ ಕೇಳಿ. ಆ ಯೋಜನೆ ಒಮ್ಮೆ ಬರೆದು ಮುಗಿದರೆ ಮತ್ತೆ ಅದನ್ನು ತೆರೆಯುವವರಿಲ್ಲ.

ನೀರಿನದು ಯಾರೂ ಬಾಯಿಬಿಟ್ಟು ಹೇಳದ ಕಷ್ಟ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ಬೆಳಿಗ್ಗೆಯಿಂದ ನೀರೇ ಕುಡಿಯದೆ ಸುತ್ತುವವರು ಎಷ್ಟೋ ಜನ. ಮೂತ್ರದ ಉರಿ, ಸೋಂಕು, ತಲೆಸುತ್ತು ಅಲ್ಲಿಂದ ಶುರು. ವಯಸ್ಸಾದಂತೆ ತಡೆದುಕೊಳ್ಳುವ ಶಕ್ತಿಯೂ ಕಡಿಮೆ, ಕೆಮ್ಮಿದರೆ ಸೀರೆ ಒದ್ದೆಯಾಗುವ ಮುಜುಗರ ಬೇರೆ. ಚಿಕ್ಕಮ್ಮ ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ದಿನದ ಸುತ್ತನ್ನು ಮೂರು “ನಿಲ್ದಾಣ”ಗಳ ಲೆಕ್ಕದಲ್ಲಿ ಹಾಕುತ್ತಾರೆ. ಸಂಕೋಚವಿಲ್ಲದೆ ಬಚ್ಚಲಿಗೆ ಹೋಗಬಹುದಾದ ಮೂರು ಮನೆ, ನಡುವೆ ನಾಲ್ಕೈದು ಮನೆಗಳು. ಅಂಥ ಮನೆಯಿಂದ ಹೊರಡುವ ಮುನ್ನ ಒಂದು ಲೋಟ ನೀರು ಕಡ್ಡಾಯ. ಸೀರೆ ಒದ್ದೆಯಾಗುವ ತೊಂದರೆಗೆ ಮೂತ್ರ ತಡೆಯುವ ಸ್ನಾಯುವನ್ನು ಬಿಗಿಹಿಡಿದು ಬಿಡುವ ವ್ಯಾಯಾಮವಿದೆ, ಬಾಣಂತಿಯರಿಗೆ ಹೇಳಿಕೊಡುವುದೇ ಅದು. ದಿನಕ್ಕೆ ಮೂರು ಹೊತ್ತು ಹತ್ತು ಹತ್ತು ಸಲ ಮಾಡಿದರೆ ಮೂರು ತಿಂಗಳಲ್ಲಿ ಹಲವರಿಗೆ ಗುಣ ಕಾಣುತ್ತದೆ.

ಮಲೆನಾಡಿನವರಿಗೆ ಇನ್ನೊಂದು ಮಾತು. ಮಂಗನಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಪ್ರತಿ ವರ್ಷ ಡಿಸೆಂಬರಿನಿಂದ ಮೇವರೆಗೆ ಜ್ವರ ಸಮೀಕ್ಷೆಯೆಂದು ಕಾಡಂಚಿನ ಮನೆ ಮನೆಗೆ ಹೋಗುವವರು ನಮ್ಮ ಆರೋಗ್ಯ ಕಾರ್ಯಕರ್ತರೇ. ಎಣ್ಣೆ ಹಂಚುವುದಕ್ಕೆ ಮೊದಲು ನಿಮ್ಮ ಕೈಕಾಲಿಗೆ ಹಚ್ಚಿಕೊಳ್ಳಿ, ಮನೆಗೆ ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ ಉಣ್ಣಿ ಇದೆಯೇ ನೋಡಿಕೊಳ್ಳಿ, ಆ ದಿನದ ಬಟ್ಟೆ ಬೇರೆ ಬಕೆಟ್ಟಿಗೆ ಹಾಕಿ. ಜ್ವರ ಬಂದರೆ “ದಣಿವಿನದು” ಎಂದು ಮಲಗಬೇಡಿ. ನಿಮ್ಮ ರಕ್ತದ ಮಾದರಿಯೂ ಹೋಗಬೇಕು.

ಚುಚ್ಚುಮದ್ದು ಕೊಡುವವರು ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸು ಪಡೆದಿದ್ದೀರಾ ಎಂದು ನೋಡಿಕೊಳ್ಳಿ. ಸೂಜಿ ತಾಗಿದರೆ ಸೋಪು ನೀರಿನಿಂದ ತೊಳೆದು, ಹಿಂಡದೆ, ಕೂಡಲೇ ವೈದ್ಯಾಧಿಕಾರಿಗೆ ತಿಳಿಸಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರುಮಾಡುವುದು ಉತ್ತಮ, 72 ಗಂಟೆ ಮೀರಿದರೆ ಪ್ರಯೋಜನವಿಲ್ಲ.

ಮೊಬೈಲೆಂಬ ಎರಡನೇ ಊರು

“ಒಂದೂರು ಕಾಲಲ್ಲಿ ಸುತ್ತಬೇಕು, ಇನ್ನೊಂದೂರು ಬೆರಳಲ್ಲಿ” ಎನ್ನುತ್ತಾರೆ ಚಿಕ್ಕಮ್ಮ. ಗರ್ಭಿಣಿಯ ದಾಖಲೆಗೆ ಆರ್‌ಸಿಎಚ್, ಲಸಿಕೆಗೆ ಯು-ವಿನ್, ಕ್ಷಯಕ್ಕೆ ನಿಕ್ಷಯ್, ಬಿಪಿ-ಸಕ್ಕರೆಗೆ ಎನ್‌ಸಿಡಿ, ಎಲ್ಲದರ ಮೇಲೆ ಆಭಾ ನಂಬರು. ಕೆಲವು ಸಿಸ್ಟರ್ ಕೈಯಲ್ಲಿ, ಕೆಲವು ಆಶಾ ಕೈಯಲ್ಲಿ. ಹತ್ತನೇ ತರಗತಿಯವರೆಗೆ ಸ್ಲೇಟು, ಪುಸ್ತಕದಲ್ಲಿ ಓದಿದವರಿಗೆ ಇದು ದಡ್ಡತನದ ಪ್ರಶ್ನೆಯಲ್ಲ. ಅಕ್ಷರ ಚಿಕ್ಕದು, ಪರದೆ ಇಂಗ್ಲಿಷಿನದು, ನೆಟ್‌ವರ್ಕು ಗುಡ್ಡದ ತುದಿಯಲ್ಲಿ ಮಾತ್ರ. ಪೋರ್ಟಲಿಗೆ ಏರದ ಕೆಲಸಕ್ಕೆ ಪ್ರೋತ್ಸಾಹಧನ ಬರುವುದಿಲ್ಲ ಎನ್ನುವ ಅಳಲು ಆಶಾ ಸಂಘದವರ ಬೇಡಿಕೆಗಳಲ್ಲಿ ವರ್ಷಗಳಿಂದ ಇದೆ.

ಕೈಯಲ್ಲಿ ಮಾಡಬಹುದಾದ್ದು ಕೆಲವಿದೆ. ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರ ದೊಡ್ಡದು ಮಾಡಿಸಿ. ಕೀಬೋರ್ಡಿನಲ್ಲಿ ಮೈಕಿನ ಗುರುತು ಒತ್ತಿ ಕನ್ನಡದಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆ. ಹೆಸರು, ವಿಳಾಸಕ್ಕೆ ಇದು ಸಾಕು. ಪ್ರತಿ ದಾಖಲೆ ಮುಗಿದ ಮೇಲೆ ಬರುವ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಡಿ. ನೆಟ್ ಇಲ್ಲದ ದಿನ ಡೈರಿಯಲ್ಲಿ ದಿನಾಂಕ, ಮನೆ, ಕೆಲಸ ಬರೆದು “ಸರ್ವರ್ ಇರಲಿಲ್ಲ, ಸಮಯ ಇಷ್ಟು” ಎಂದು ನಮೂದಿಸಿ. ಉದಾಹರಣೆಗೆ ನವಜಾತ ಶಿಶುವಿನ ಮನೆ ಭೇಟಿ. ಆಸ್ಪತ್ರೆ ಹೆರಿಗೆಯಾದರೆ 3, 7, 14, 21, 28, 42ನೇ ದಿನ, ಒಟ್ಟು ಆರು ಭೇಟಿಗೆ 250 ರೂಪಾಯಿ. ಒಂದು ಭೇಟಿ ದಾಖಲಾಗದಿದ್ದರೂ ಅಷ್ಟೂ ಹಣ ನಿಂತುಹೋಗಬಹುದು. ತಾಯಿ ಕಾರ್ಡಿನಲ್ಲಿ ದಿನಾಂಕ ಬರೆದು ತಾಯಿಯ ಸಹಿ ಹಾಕಿಸಿಕೊಂಡು ಫೋಟೋ ತೆಗೆದಿಟ್ಟರೆ ತಿಂಗಳ ಕೊನೆಯಲ್ಲಿ ವಾದಿಸಲು ಆಧಾರವಿರುತ್ತದೆ.

ಮಗಳೋ ಸೊಸೆಯೋ ಎಂಟ್ರಿ ಮಾಡಿಕೊಡುವುದು ಮನೆಮನೆಯಲ್ಲಿ ನಡೆಯುತ್ತದೆ. ಸಹಾಯ ಪಡೆಯಿರಿ, ಆದರೆ ರೋಗಿಯ ಓಟಿಪಿ, ಎಚ್‌ಐವಿ ಅಥವಾ ಕ್ಷಯದ ವಿವರ ಮನೆಯವರ ಕೈಗೂ ಹೋಗಬಾರದು. ಅದಕ್ಕಿಂತ ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಯ ಜೊತೆ ವಾರಕ್ಕೆ ಒಂದು ಗಂಟೆ ಗೊತ್ತುಮಾಡಿಕೊಳ್ಳಿ. ಆ ಹುಡುಗಿಗೆ ಊರು ಗೊತ್ತಿಲ್ಲ, ನಿಮಗೆ ಆ್ಯಪ್ ಗೊತ್ತಿಲ್ಲ. ಯಾವ ಮನೆಯಲ್ಲಿ ಬಸಿರು ಮುಚ್ಚಿಟ್ಟಿದ್ದಾರೆ, ಯಾವ ಅತ್ತೆಗೆ ಹೇಗೆ ಹೇಳಿದರೆ ಕೇಳುತ್ತಾರೆ ಎನ್ನುವುದನ್ನು ನೀವು ಹೇಳಿಕೊಟ್ಟರೆ ಅವಳು ನಿಮ್ಮ ಮೊಬೈಲಿನ ಗಂಟು ಬಿಡಿಸಿಕೊಡುತ್ತಾಳೆ. ಚಿಕ್ಕಮ್ಮನಿಗೂ ಆ ಹುಡುಗಿಗೂ ಈಗ ಹೀಗೇ ನಡೆಯುತ್ತಿದೆ. ಅವಳು ಇವರನ್ನು ಅಕ್ಕಾ ಎನ್ನುತ್ತಾಳೆ, ಇವರು ಅವಳನ್ನು ಮೇಡಂ ಎನ್ನುವುದನ್ನು ಬಿಟ್ಟು ಪುಟ್ಟೀ ಎನ್ನಲು ಆರು ತಿಂಗಳು ಹಿಡಿಯಿತು.

ರಾತ್ರಿ ಎರಡರ ಫೋನು

ಶರಾವತಿ ಹಿನ್ನೀರಿಗೆ ಹೊಳೆಬಾಗಿಲಿನಲ್ಲಿ 2025ರ ಜುಲೈಯಲ್ಲಿ ಸೇತುವೆ ಬಂತು. ಅದಕ್ಕೆ ಮೊದಲು ಸಂಜೆಯ ಲಾಂಚು ಹೋದರೆ ಹೆರಿಗೆ ನೋವಿನವರನ್ನು ದಾಟಿಸುವುದೇ ಒಂದು ಯುದ್ಧ. ಈಗ 108 ನೇರ ಬರುತ್ತದೆ, ಆದರೆ ಜೊತೆಗೆ ಹೋಗುವವರು ಅದೇ ಐವತ್ತೆಂಟರ ಚಿಕ್ಕಮ್ಮ. ಹೋಗುವಾಗ ಆಂಬುಲೆನ್ಸು, ಹಿಂದೆ ಬರಲು ಬೆಳಗಿನ ಬಸ್ಸು. ಹೆಂಗಸರಿಗೆ ಬಸ್ಸು ಉಚಿತವಾಗಿದೆ, ಆದರೆ ಬಸ್ಸು ಬರುವವರೆಗೆ ಮಲಗಲು ಜಾಗ ಸಿಗುವುದಿಲ್ಲ. ಅವರು ಹೆರಿಗೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತೇ ಬೆಳಗು ಮಾಡಿದ ರಾತ್ರಿಗಳನ್ನು ನಾನು ಬಲ್ಲೆ. ಒಮ್ಮೆ ಕಾವಲಿನವನು ಆ ಬೆಂಚಿನಿಂದಲೂ ಎಬ್ಬಿಸಿದ್ದ. ಆ ಆಸ್ಪತ್ರೆಯ ಹೆಸರು ಇಲ್ಲಿ ಬೇಡ, ಅಂಥವು ಹಲವಿವೆ.

ಇದಕ್ಕೆ ನಾನು ಕಂಡ ಒಳ್ಳೆಯ ಉಪಾಯ ಅಕ್ಕಪಕ್ಕದ ಊರಿನ ಇಬ್ಬರು ಆಶಾಗಳ ಜೋಡಿ. ಒಬ್ಬರು ಮೂವತ್ತೈದರವರು, ಇನ್ನೊಬ್ಬರು ಐವತ್ತೇಳರವರು. ರಾತ್ರಿಯ ಹೆರಿಗೆಗೆ ಚಿಕ್ಕವರು ಹೋಗುತ್ತಾರೆ. ಅವರ ಊರಿನ ಹಠಮಾರಿ ಮನೆಗಳಿಗೆ, ಲಸಿಕೆ ಬೇಡವೆನ್ನುವವರಿಗೆ, ಬಾಣಂತಿಗೆ ನೀರು ಕೊಡದ ಅತ್ತೆಯಂದಿರಿಗೆ ತಿಳಿಹೇಳಲು ದೊಡ್ಡವರು ಹೋಗುತ್ತಾರೆ. ತೊಡಕಿರುವುದು ಹಣದಲ್ಲಿ. ಪ್ರೋತ್ಸಾಹಧನ ಆಯಾ ಊರಿನ ಆಶಾ ಹೆಸರಿಗೇ ಬರುತ್ತದೆ. ಹಾಗಾಗಿ ಜೋಡಿ ಮಾಡಿಕೊಳ್ಳುವ ಮೊದಲೇ ಇಬ್ಬರೂ ಲೆಕ್ಕ ಮಾತಾಡಿ, ತಮ್ಮ ಆಶಾ ಮೇಲ್ವಿಚಾರಕಿಗೂ ವೈದ್ಯಾಧಿಕಾರಿಗೂ ತಿಳಿಸಿ, ಸಭೆಯ ಪುಸ್ತಕದಲ್ಲಿ ಬರೆಸಿ. ಬಾಯಿಮಾತಿನ ಜೋಡಿ ಮೂರನೇ ತಿಂಗಳಿಗೆ ಮುರಿಯುತ್ತದೆ.

ಎಂಟನೇ ತಿಂಗಳ ಭೇಟಿಯಲ್ಲೇ ಬಸುರಿಯ ಮನೆಯವರೊಂದಿಗೆ ಮಾತಾಡಿ, ರಾತ್ರಿಯಾದರೆ ಜೊತೆಗೆ ಬರುವ ಹೆಂಗಸು ಯಾರು ಎಂದು ಹೆಸರು ಗೊತ್ತುಮಾಡಿ ತಾಯಿ ಕಾರ್ಡಿನಲ್ಲಿ ಬರೆದಿಟ್ಟರೆ ಅರ್ಧ ಭಾರ ಇಳಿಯುತ್ತದೆ.

ವಯಸ್ಸಿನ ಗೆರೆಗಳು

ಈ ಭಾಗವನ್ನು ನಿಧಾನವಾಗಿ ಓದಿ, ಸಾಧ್ಯವಾದರೆ ಪಾಸ್‌ಬುಕ್ಕು ಪಕ್ಕದಲ್ಲಿಟ್ಟುಕೊಂಡು.

ಆಶಾ ಸರ್ಕಾರಿ ನೌಕರಳಲ್ಲ, ಕಾರ್ಯಕರ್ತೆ. ಆ ಒಂದು ಪದದಿಂದ ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಪಿಂಚಣಿ ಇಲ್ಲ. ಇಂಥ ಯೋಜನಾ ಕಾರ್ಯಕರ್ತೆಯರನ್ನು ಕೆಲಸಗಾರರೆಂದು ಪರಿಗಣಿಸಬೇಕೆಂದು 2013ರಲ್ಲೇ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿತ್ತು. ಅಂಗನವಾಡಿಯವರಿಗೆ 2022ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಗ್ರಾಚ್ಯುಟಿಯ ಹಕ್ಕು ಸಿಕ್ಕಿತು, ಆಶಾಗಳಿಗೆ ಅದೂ ಇಲ್ಲ. ಇರುವುದು ವಿಮೆ, ಪಿಂಚಣಿಯ ಬಿಡಿ ಬಿಡಿ ಯೋಜನೆಗಳು. ಅವಕ್ಕೆಲ್ಲ ವಯಸ್ಸಿನ ಗೆರೆಗಳಿವೆ, ಆ ಗೆರೆಗಳ ನಡುವೆಯೇ ಹಿರಿಯರು ಜಾರಿಬೀಳುವುದು.

ಅರವತ್ತರ ನಂತರ ತಿಂಗಳಿಗೆ 3,000 ರೂಪಾಯಿ ಕೊಡುವ ಶ್ರಮಯೋಗಿ ಮಾನ್‌ಧನ್ ಪಿಂಚಣಿಗೆ ಸೇರಲು 40ರೊಳಗಿರಬೇಕು. ಅಟಲ್ ಪಿಂಚಣಿಗೂ ಹಾಗೆಯೇ. 2018ರಲ್ಲಿ ಕೇಂದ್ರ ಸರ್ಕಾರ ತಾನೇ ಕಂತು ಕಟ್ಟಿ ಆಶಾಗಳಿಗೆ ಎರಡು ವಿಮೆ ಕೊಟ್ಟಿತು. ಒಂದು ಜೀವನ್ ಜ್ಯೋತಿ, ಯಾವ ಕಾರಣದಿಂದ ಸತ್ತರೂ 2 ಲಕ್ಷ. ಆದರೆ ಇದಕ್ಕೆ ಸೇರುವ ವಯಸ್ಸು 50ರವರೆಗೆ, ರಕ್ಷಣೆ 55ರವರೆಗೆ ಮಾತ್ರ. ಆ ವರ್ಷ ಚಿಕ್ಕಮ್ಮನಿಗೆ 51. ಅವರಿಗೆ ವಿಮೆ ಇದೆಯೆಂದೇ ನಾವೆಲ್ಲ ತಿಳಿದಿದ್ದೆವು. ಇಲ್ಲವೆಂದು ಗೊತ್ತಾದದ್ದು ಈಚೆಗೆ ಪಾಸ್‌ಬುಕ್ಕು ತೆಗೆದು ಕೂತಾಗ. ಇನ್ನೊಂದು ಸುರಕ್ಷಾ ಬಿಮಾ, ಅಪಘಾತಕ್ಕೆ. ಇದು 70ರವರೆಗೆ ನಡೆಯುತ್ತದೆ. ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, ಭಾಗಶಃ ಅಂಗವೈಕಲ್ಯಕ್ಕೆ 1 ಲಕ್ಷ, ವರ್ಷದ ಕಂತು ಕೇವಲ 20 ರೂಪಾಯಿ. ಮಳೆಗಾಲದಲ್ಲಿ ಸಂಕ ದಾಟುವವರಿಗೆ ಇದು ಇರಲೇಬೇಕು. ಎರಡೂ ವಿಮೆಯ ವರ್ಷ ಜೂನ್ 1ಕ್ಕೆ ಶುರು. ಯಾರು ಕಂತು ಕಟ್ಟುತ್ತಿದ್ದಾರೆ, ನಿಮ್ಮ ಹೆಸರು ಚಾಲ್ತಿಯಲ್ಲಿದೆಯೇ, ನಾಮಿನಿ ಯಾರು ಎಂದು ಮೇ ತಿಂಗಳ ಕೊನೆಯೊಳಗೆ ಬ್ಯಾಂಕಿನಲ್ಲಿ ಕೇಳಿ. ತೀರಿಕೊಂಡ ಗಂಡನ ಹೆಸರೇ ನಾಮಿನಿಯಾಗಿ ಉಳಿದಿರುವುದು ಅಪರೂಪವಲ್ಲ.

ಇ-ಶ್ರಮ್ ಕಾರ್ಡಿಗೆ ನೋಂದಣಿ 59ರವರೆಗೆ. ಅರವತ್ತಕ್ಕೆ ಒಂದು ದಿನ ಮೊದಲಾದರೂ ಮಾಡಿಸಿಕೊಳ್ಳಿ. ಆಯುಷ್ಮಾನ್ ಕಾರ್ಡನ್ನು 2024ರ ಮಧ್ಯಂತರ ಬಜೆಟ್ಟಿನಲ್ಲಿ ಎಲ್ಲ ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೂ ವಿಸ್ತರಿಸಿದರು, ಎಪಿಎಲ್ ಕಾರ್ಡಿನವರಿಗೂ. ಗ್ರಾಮ ಒನ್ ಕೇಂದ್ರದಲ್ಲಿ ವಿಚಾರಿಸಿ, ಊರಿನವರಿಗೆಲ್ಲ ಮಾಡಿಸಿಕೊಟ್ಟ ಕೈಯಿಂದಲೇ ನಿಮ್ಮದನ್ನೂ ಮಾಡಿಸಿ. 60 ದಾಟಿದ ಬಿಪಿಎಲ್ ಕುಟುಂಬದವರಿಗೆ ಇಂದಿರಾ ಗಾಂಧಿ ವೃದ್ಧಾಪ್ಯ ವೇತನ, 65ರ ನಂತರ ಆದಾಯದ ಮಿತಿಯೊಳಗಿದ್ದರೆ ಸಂಧ್ಯಾ ಸುರಕ್ಷಾ. ಎರಡಕ್ಕೂ ಅರ್ಜಿ ನಾಡಕಚೇರಿಯಲ್ಲಿ.

ಕೆಲಸ ಬಿಡುವಾಗ ಬರುವ ಹಣ: ಕನಿಷ್ಠ ಹತ್ತು ವರ್ಷ ದುಡಿದು ಬಿಡುವ ಆಶಾಗೆ ಕೇಂದ್ರದಿಂದ 20,000 ರೂಪಾಯಿ ಇತ್ತು. 2025ರ ಮಾರ್ಚಿನಲ್ಲಿ ಅದನ್ನು 50,000ಕ್ಕೆ ಏರಿಸಲು, ತಿಂಗಳ ಖಚಿತ ಪ್ರೋತ್ಸಾಹಧನವನ್ನು 2,000ದಿಂದ 3,500ಕ್ಕೆ ಏರಿಸಲು ತೀರ್ಮಾನವಾಯಿತು. ಅದೇ ವರ್ಷ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿ ಸಾವಿರಾರು ಆಶಾಗಳು ಧರಣಿ ಮಾಡಿದಾಗ, ತಿಂಗಳಿಗೆ ಕನಿಷ್ಠ 10,000 ಸಿಗುವಂತೆ ಮಾಡುವುದಾಗಿ ಮುಖ್ಯಮಂತ್ರಿ ಭರವಸೆ ಕೊಟ್ಟಿದ್ದರು. ಭರವಸೆ ಆದೇಶವಾಗಿ, ಆದೇಶ ಪಾಸ್‌ಬುಕ್ಕಿನ ಸಾಲಾಗುವವರೆಗೆ ಲೆಕ್ಕ ಕೇಳುತ್ತಲೇ ಇರಬೇಕು. ಇಪ್ಪತ್ತು ವರ್ಷದ ನಡಿಗೆಗೆ ಐವತ್ತು ಸಾವಿರ ಎನ್ನುವುದು ನನಗಂತೂ ಗೌರವದ ಮೊತ್ತವಾಗಿ ಕಾಣುವುದಿಲ್ಲ. ಆದರೂ ಅದು ನಿಮ್ಮ ಹಣ, ಕಾಗದ ಇಲ್ಲವೆಂಬ ಕಾರಣಕ್ಕೆ ಕೈತಪ್ಪಬಾರದು.

ಕಾಯಂ ಎಎನ್‌ಎಂಗಳ ದಾರಿ ಬೇರೆ. ರಾಜ್ಯ ಸರ್ಕಾರಿ ನೌಕರರಾದ ಅವರಿಗೆ ನಿವೃತ್ತಿ 60ಕ್ಕೆ. 2006ರ ಏಪ್ರಿಲ್ 1ರ ನಂತರ ಸೇರಿದವರು ಎನ್‌ಪಿಎಸ್‌ನಲ್ಲಿದ್ದಾರೆ; ಪ್ರಾನ್ ಖಾತೆಯ ವಿವರ ತೆಗೆಸಿ ಪ್ರತಿ ತಿಂಗಳ ಕಂತು ಜಮೆಯಾಗಿದೆಯೇ ನೋಡಿ. ಗುತ್ತಿಗೆಯಲ್ಲಿ ಇರುವ ಸಿಸ್ಟರುಗಳ ಕಷ್ಟ ಆಶಾಗಳದ್ದಕ್ಕಿಂತ ಹೆಚ್ಚು ಭಿನ್ನವಲ್ಲ.

ಹುಟ್ಟಿದ ದಿನ ಮತ್ತು ಒಂದು ಪ್ಲಾಸ್ಟಿಕ್ ಕವರು

ಚಿಕ್ಕಮ್ಮನ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1. ಶಾಲೆಯ ದಾಖಲೆಯಲ್ಲಿ ಜೂನ್, ಅದೂ ಒಂದು ವರ್ಷ ಆಚೆ. ಹಳ್ಳಿಯ ಹೆಂಗಸರಲ್ಲಿ ಇದು ಮನೆಮನೆ ಕಥೆ. ಆಧಾರ್ ಮಾಡಿಸುವಾಗ ಯಾರೋ ವಯಸ್ಸು ಕೇಳಿ ಜನವರಿ 1 ಒತ್ತಿದ್ದರು. ವಯಸ್ಸಿನ ಗೆರೆಗಳ ಮೇಲೆ ನಿಂತ ಯೋಜನೆಗಳಲ್ಲಿ ಆರು ತಿಂಗಳ ವ್ಯತ್ಯಾಸವೂ ಹಣ. ಆಧಾರ್‌ನಲ್ಲಿ ಹುಟ್ಟಿದ ದಿನ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ. ಅದರಿಂದ ಅವಸರ ಬೇಡ. ಮೊದಲು ಶಾಲೆಯಿಂದ ವರ್ಗಾವಣೆ ಪತ್ರ ಅಥವಾ ಅಂಕಪಟ್ಟಿಯ ದೃಢೀಕೃತ ಪ್ರತಿ ತರಿಸಿ, ಪ್ಯಾನ್, ಬ್ಯಾಂಕು, ಆಯ್ಕೆಯ ಸಮಯದಲ್ಲಿ ಕೊಟ್ಟ ದಾಖಲೆ ಎಲ್ಲವನ್ನೂ ಪಕ್ಕದಲ್ಲಿಟ್ಟು ನೋಡಿ, ನಿಜವಾದ ದಿನಕ್ಕೆ ಒಂದೇ ಸಲ ಸರಿಪಡಿಸಿ.

ಸೇವೆಯ ವರ್ಷ ತೋರಿಸಲು ಏನಿದೆ ಎಂದು ಮನೆ ಹುಡುಕಿದೆವು. ಆಯ್ಕೆ ಪತ್ರ ಗೆದ್ದಲು ತಿಂದಿತ್ತು. ಸಿಕ್ಕಿದ್ದು ಗ್ರಾಮ ಪಂಚಾಯಿತಿಯ ಹಳೆಯ ನಡಾವಳಿಯ ಜೆರಾಕ್ಸು, ಮೊದಲ ಸುತ್ತಿನ ತರಬೇತಿಯ ಪ್ರಮಾಣಪತ್ರ, 2009ರ ಪಾಸ್‌ಬುಕ್ಕಿನಲ್ಲಿ ಮೊದಲ ಪ್ರೋತ್ಸಾಹಧನ ಜಮೆಯಾದ ಸಾಲು, ನೀಲಿ ಗುರುತಿನ ಚೀಟಿ. ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮೊಬೈಲಿನಲ್ಲಿ ಫೋಟೋ ತೆಗೆದು, ಮಗನಿಗೂ ಕಳಿಸಿದೆವು. ಆಯ್ಕೆ ಪತ್ರದ ನಕಲು ಬೇಕೆಂದು ತಾಲ್ಲೂಕು ಆರೋಗ್ಯಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸಿಕೊಂಡೆವು. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಬಹುದು, ಬಿಪಿಎಲ್‌ನವರಿಗೆ ಆ ಶುಲ್ಕವೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ನಿವೃತ್ತಿಯ ಮಾತು ಯಾರಾದರೂ ಬಾಯಲ್ಲಿ ಹೇಳಿದರೆ ಒಪ್ಪಿ ಮನೆಗೆ ಬರಬೇಡಿ. ಆದೇಶದ ನಕಲು ಕೇಳಿ, ಬಾಕಿ ಪ್ರೋತ್ಸಾಹಧನದ ಲೆಕ್ಕ ಬರೆದುಕೊಟ್ಟು ಸಹಿ ಪಡೆಯಿರಿ.

ಬೈಗುಳಕ್ಕೂ ದಿನಾಂಕವಿರಲಿ

ಸಭೆಯಲ್ಲಿ ಎಲ್ಲರೆದುರು “ವಯಸ್ಸಾಯ್ತು, ಆಗದಿದ್ರೆ ಬಿಟ್ಟುಹೋಗಿ” ಎಂದು ಮಗನ ವಯಸ್ಸಿನವರು ಗದರಿದ್ದನ್ನು ಎಷ್ಟೋ ಆಶಾಗಳು ನುಂಗಿಕೊಂಡಿದ್ದಾರೆ. ಅಂದೇ ಡೈರಿಯಲ್ಲಿ ದಿನಾಂಕ, ಆಡಿದ ಮಾತು, ಎದುರಿದ್ದವರ ಹೆಸರು ಬರೆದಿಡಿ. ದೂರು ಕೊಡುವುದು ಮೊದಲು ವೈದ್ಯಾಧಿಕಾರಿಗೆ, ಅವರದೇ ಮೇಲೆ ದೂರಾದರೆ ತಾಲ್ಲೂಕು, ಜಿಲ್ಲಾ ಆರೋಗ್ಯಾಧಿಕಾರಿಗೆ, ಪ್ರತಿ ಸಲವೂ ಬರಹದಲ್ಲಿ. ಒಬ್ಬರೇ ಹೋಗುವುದಕ್ಕಿಂತ ನಾಲ್ವರು ಸಹಿ ಹಾಕಿ ಹೋದರೆ ಮಾತಿನ ಧಾಟಿ ಬದಲಾಗುತ್ತದೆ. ಮನೆ ಭೇಟಿಯಲ್ಲೋ ಕೇಂದ್ರದಲ್ಲೋ ಯಾರಾದರೂ ಮೈಮುಟ್ಟಿದರೆ, ಅಸಹ್ಯವಾಗಿ ಮಾತಾಡಿದರೆ, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಸಂಬಳವಿಲ್ಲದ ಕಾರ್ಯಕರ್ತೆಯನ್ನೂ ರಕ್ಷಿಸುತ್ತದೆ, ಕೆಲಸಕ್ಕಾಗಿ ಹೋದ ಮನೆಯನ್ನೂ ಕೆಲಸದ ಜಾಗವೆಂದೇ ಎಣಿಸುತ್ತದೆ. ಜಿಲ್ಲೆಯ ಸ್ಥಳೀಯ ದೂರು ಸಮಿತಿಗೆ ಮೂರು ತಿಂಗಳೊಳಗೆ ಬರೆದುಕೊಡಬೇಕು. ಈ ವಯಸ್ಸಿನಲ್ಲಿ ಇದನ್ನು ಹೇಳಿಕೊಂಡರೆ ಯಾರು ನಂಬುತ್ತಾರೆ ಎಂದು ಒಬ್ಬರು ನನ್ನ ಬಳಿ ಅತ್ತಿದ್ದರು. ಕಾನೂನಿನಲ್ಲಿ ಅದಕ್ಕೆ ವಯಸ್ಸಿನ ಗೆರೆಯಿಲ್ಲ.

ಚಿಕ್ಕಮ್ಮ ಈಗ ದಿನಕ್ಕೊಂದು ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಡೈಕ್ಲೋಫಿನಾಕ್ ಶೀಟು ಚೀಲದಲ್ಲಿಲ್ಲ. ಮೊನ್ನೆ ಹೋದಾಗ ಡೈರಿಯ ಕೊನೆಯ ಹಾಳೆ ತೋರಿಸಿದರು. ಮೂವತ್ತು ದಾಟಿದವರ ಪಟ್ಟಿಯ ಕೆಳಗೆ ಕೆಂಪು ಗೆರೆ ಎಳೆದು ತಮ್ಮ ಹೆಸರು ಬರೆದುಕೊಂಡಿದ್ದಾರೆ. ವಯಸ್ಸು 58, ಬಿಪಿ 138/86, ಮಾತ್ರೆ ಮುಗಿಯುವ ದಿನ, ಮುಂದಿನ ತಪಾಸಣೆ ಗುರುವಾರ, ಲಸಿಕೆ ಮುಗಿದ ಮೇಲೆ.